ಧೂಳು ಕಣಮ್ಮ, ತೆಗೆದ್ಬುಡು

ಕಳೆದ ವಾರ ನನ್ನ ಅಕ್ಕನ ಮಗಳು ಶೈಲಜಾ ನನ್ನ ಕಣ್ಣೆದುರೇ ಒಂದು ಸತ್ಯವನ್ನು ಡಿಲೀಟ್ ಮಾಡಿದಳು. ಒಂದೇ ಕ್ಲಿಕ್. ಆಮೇಲೆ ಫ್ಲಾಸ್ಕಿನಿಂದ ನನಗೆ ಟೀ ಬಗ್ಗಿಸಿಕೊಟ್ಟಳು.

ಮಧುಗಿರಿಯಿಂದ ಪಾವಗಡದ ಕಡೆ ನಾಮಕರಣವೊಂದಕ್ಕೆ ಹೊರಟವನು, ದಾರಿಯಲ್ಲೇ ಅಲ್ಲವಾ ಎಂದು ಅವಳು ಕೆಲಸ ಮಾಡುವ ಸೋಲಾರ್ ಪ್ಲಾಂಟಿಗೆ ನುಗ್ಗಿದ್ದೆ. ಕಣ್ಣು ಹಾಯುವಷ್ಟು ದೂರವೂ ಪ್ಯಾನೆಲ್ಲುಗಳು. ಮೇಲೆ ಡ್ರೋನ್ ಹಾರಿಸಿ ಇನ್‌ಫ್ರಾರೆಡ್ ಫೋಟೋ ತೆಗೆಯುವುದು ಅವಳ ಕೆಲಸ. ಆ ಕ್ಯಾಮೆರಾಗೆ ಕಾಣುವುದು ಶಾಖ. ಎಲ್ಲಾದರೂ ಕೆಟ್ಟಿದ್ದರೆ ಆ ಜಾಗ ಬೆಳ್ಳಗೆ ಹೊಳೆಯುತ್ತದೆ.

ಇದಕ್ಕೂ ಮೊದಲು ಅವಳು ಪಿಎಚ್‌ಡಿಗೆಂದು ಇಂಥದೇ ಚಿತ್ರಗಳಲ್ಲಿ ಗ್ಯಾಲಕ್ಸಿಗಳನ್ನು ನೋಡುತ್ತಿದ್ದಳು. (ಹೌದು, ನಮ್ಮ ಕಳ್ಳಂಬೆಳ್ಳದ ಹುಡುಗಿಯೇ.) ನಮಗೆ ಹತ್ತಿರದ ಕೆಲವು ಗ್ಯಾಲಕ್ಸಿಗಳ ನಟ್ಟನಡುವೆ ದೈತ್ಯ ಬ್ಲ್ಯಾಕ್ ಹೋಲ್ ಕೂತು ಸಿಕ್ಕಿದ್ದನ್ನೆಲ್ಲ ನುಂಗುತ್ತಿದೆ. ಸುತ್ತ ದಟ್ಟ ಧೂಳು. ಮಾಮೂಲಿ ಬೆಳಕು ಅದನ್ನು ದಾಟಿ ಬರುವುದಿಲ್ಲ. ಆದರೆ ಧೂಳೇ ಕಾದು ಇನ್‌ಫ್ರಾರೆಡ್‌ನಲ್ಲಿ ಬೆಳಗುತ್ತದೆ. ಅದು ಉದ್ದಿನವಡೆಯ ಹಾಗೆ ಸುತ್ತುವರಿದಿರುತ್ತದೆ ಅಂತ ಪುಸ್ತಕಗಳು ಹೇಳುತ್ತಿದ್ದವು. ಶೈಲಜಾಳ ಚಿತ್ರದಲ್ಲಿ ಧೂಳು ವಡೆಯ ತೂತಿನಿಂದ ಮೇಲಕ್ಕೂ ಕೆಳಕ್ಕೂ ಚಾಚಿತ್ತು.

ಅವಳ ಗೈಡ್ ನಕ್ಕರಂತೆ. “ಅದು ಧೂಳಲ್ಲ, ನಿನ್ನ ಡೇಟಾದ ಎರರ್. ಕ್ಲೀನ್ ಮಾಡು.” ಮಾಡಿದಳು. ಮುಂದೆ ಹೊರದೇಶದ ದೊಡ್ಡ ಟೆಲಿಸ್ಕೋಪಿನವರು ಅಂಥದ್ದನ್ನೇ ಕಂಡು ಹೆಸರು ಮಾಡಿದರು. ಅಷ್ಟರಲ್ಲಿ ಇವಳ ಪಿಎಚ್‌ಡಿ ಅರ್ಧಕ್ಕೇ ನಿಂತಿತ್ತು. ಯಾಕೆ ನಿಲ್ಲಿಸಿದೆ ಅಂತ ಕೇಳಿದ್ದೆ.

“ಕಂಡಿದ್ದನ್ನೇ ಅಳಿಸ್ದ ಮೇಲೆ ಬರೆಯಾಕೆ ಏನೈತೆ ಮಾವ?”

ನಾನು ಹೋದ ದಿನ ಅವಳ ಸ್ಕ್ರೀನಿನಲ್ಲಿ, ಪ್ಯಾನೆಲ್ಲುಗಳ ಒಂದು ಸಾಲಿನ ವೈರು ಕೂಡುವ ಜಾಗ ಬೆಳ್ಳಗೆ ಕಾದಿತ್ತು. ಸೂಪರ್‌ವೈಸರ್ ಬಗ್ಗಿ ನೋಡಿದರು.

“ಧೂಳು ಕಣಮ್ಮ. ತೊಳುದ್ರೆ ಹೋಯ್ತದೆ. ರಿಪೋರ್ಟಿಂದ ತೆಗೆದ್ಬುಡು.”

“ನೆನ್ನೆ ತಾನೆ ತೊಳ್ದವ್ರೆ ಸಾರ್. ವೈರು ಸುಡ್ತಾ ಐತೆ. ತೊಳೆಯೋ ಹೆಂಗಸ್ರು ಅಲ್ಲೇ ನೀರು ಬುಡ್ತಾರೆ.”

“ಇಂಗೆಲ್ಲಾ ಬರುದ್ರೆ ಲೈನ್ ನಿಲ್ಲುಸ್ಬೇಕಾಯ್ತದೆ. ಮೇಲ್ನೋರ್ಗೆ ಉತ್ರ ಕೊಡೋರ್ಯಾರು? ನಿನ್ ಕಾಂಟ್ರ್ಯಾಕ್ಟು ಮುಗಿಯೋದೂ ಈ ತಿಂಗ್ಳೇ ಅಲ್ವಾ?”

ಆಗ ಬಂತು ಆ ಕ್ಲಿಕ್. ಅಲ್ಲಿ ಧೂಳನ್ನು ಧೂಳಲ್ಲ ಅಂದರು. ಇಲ್ಲಿ ಧೂಳಲ್ಲದ್ದನ್ನು ಧೂಳು ಅಂದರು. ಎರಡು ಸಲವೂ ಅಳಿಸಿದ್ದು ಇವಳ ಬೆರಳೇ.

“ವಾದ ಮಾಡ್ಬೇಕಿತ್ತು ಕಣೇ,” ಅಂದೆ. (ಟೀ ಕುಡಿಯುತ್ತಾ ಬುದ್ಧಿ ಹೇಳುವುದು ಸುಲಭ.)

“ಆವಾಗ ವಾರಗಟ್ಲೆ ಅತ್ತಿದ್ದೆ ಮಾವ. ಈವತ್ತು ಏನೂ ಅನ್ಸಲಿಲ್ಲ. ಅದುಕ್ಕೇ ಹೆದ್ರಿಕೆ ಆಯ್ತೈತೆ.”

ನನಗೂ ಆಯಿತು. ಹುಡುಗಿ ಒಳಗೇ ಸೋತುಹೋಗಿದ್ದಳು.

ಹೊರಗೆ ಬಂದರೆ, ಪ್ಯಾನೆಲ್ ತೊಳೆಯುವ ನರಸಮ್ಮ ಪೈಪು ಎಳೆದುಕೊಂಡು ಅದೇ ಸಾಲಿನತ್ತ ಹೊರಟಿದ್ದರು. ಶೈಲಜಾ ಓಡಿಹೋಗಿ ಅಡ್ಡ ನಿಂತಳು.

“ಅಲ್ಲಿ ನೀರು ಬುಡ್ಬೇಡಕ್ಕ. ವೈರು ಕೆಟ್ಟೈತೆ, ಕರೆಂಟು ಹೊಡೀಬೋದು.”

“ಏಮಮ್ಮಾ ಶೈಲಾ, ಧೂಳು ಐತೆ ತೊಳಿ ಅಂದ್ರಲ್ಲ ಸಾರು?” ನರಸಮ್ಮ ಪೈಪು ಕೆಳಗಿಟ್ಟರು. “ಸರಿ, ಈವತ್ತಿಗೆ ಬುಡ್ತೀನಿ. ನಾಳೆ ಅವ್ರು ಬೈದ್ರೆ ತೊಳೀಲೇಬೇಕು. ಆದ್ರೂ ಕೇಳ್ತೀನಿ, ಅದು ಕೆಟ್ಟಿರೋದು ನಿಜ ಆಗಿದ್ರೆ ನೀನೇ ರಿಪೋರ್ಟಲ್ಲಿ ಬರೀತಿದ್ದೆ ಅಲ್ಲೇನಮ್ಮ?”

ಶೈಲಜಾ ಏನು ಉತ್ತರ ಹೇಳಬೇಕಿತ್ತು, ನೀವೇ ಹೇಳಿ?