ಬೆರಳಿಗೆ ಕೇಳಿಸಿದ ಸಪ್ಪಳ

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಮಿಕ್ಸರ್ ಕರಕರ ಎಂದಿತು. ಚಟ್ನಿ ರುಬ್ಬುವ ಸದ್ದಿಗೆ ನಿಮಗೆ ಹಸಿವಾಗಬಹುದು. ನನಗೆ ಬೇರಿಂಗ್ ಸವೆದಿದೆಯೇನೋ ಎಂಬ ಅನುಮಾನ ಹುಟ್ಟುತ್ತದೆ. ಪುಣೆಯಲ್ಲಿ ಕಂಪ್ಯೂಟರ್ ಎಂಜಿನಿಯರಿಂಗಿನಲ್ಲಿ ಎಂ.ಟೆಕ್. ಓದುತ್ತಿರುವ ನನ್ನ ಸಂಶೋಧನೆಯೇ ಅದು. ಯಂತ್ರ ಕೆಡುವ ಮೊದಲೇ, ಅದರ ಸದ್ದಿನಿಂದಲೇ ರೋಗ ಯಾವುದೆಂದು ಕಂಪ್ಯೂಟರ್ ಹೇಳಬೇಕು.

ಈ ಹುಚ್ಚು ಅಪ್ಪನಿಂದ ಬಂದದ್ದು. ವಿಜಯಪುರದ ಕಡೆಯವರು, ಪುಣೆ ಹತ್ತಿರದ ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ನಾನು ಚಿಕ್ಕವಳಿದ್ದಾಗ ಬಸ್ಸಿನಲ್ಲಿ ಎಲ್ಲರ ಅಪ್ಪಂದಿರು ಕಿಟಕಿಯಾಚೆ ನೋಡಿದರೆ ನನ್ನಪ್ಪ ಕಣ್ಣುಮುಚ್ಚಿ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, "ಬೆಲ್ಟ್ ಸಡ್ಲ ಆಗೇದ" ಎನ್ನುತ್ತಿದ್ದರು. ನನಗೋ ನಾಚಿಕೆ.

ಕಳೆದ ವರ್ಷ ನನ್ನ ಪ್ರಯೋಗ ಹಳ್ಳ ಹಿಡಿಯಿತು. ಕೆಟ್ಟ ಬೇರಿಂಗನ್ನೂ ನನ್ನ ಪ್ರೋಗ್ರಾಂ ಚೆನ್ನಾಗಿದೆ ಎನ್ನುತ್ತಿತ್ತು. ವಿಷಯವನ್ನೇ ಬದಲಿಸು ಎಂದರು ಗೈಡ್ ಮೇಡಂ. ದಿಕ್ಕು ತೋಚದೆ ಅಪ್ಪನನ್ನು ಲ್ಯಾಬಿಗೆ ಕರೆದೊಯ್ದು, ಹೆಡ್‌ಫೋನ್ ಹಾಕಿ, ನಾನು ರೆಕಾರ್ಡ್ ಮಾಡಿದ ಸದ್ದು ಕೇಳಿಸಿದೆ. ಅವರು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು ಕಣ್ಣುಮುಚ್ಚಿದರು.

"ಕೇಳಸ್ತದೇನಪ್ಪಾ?"

"ಇಲ್ಲವ್ವಾ. ಸಣ್ಣ ಸಪ್ಪಳ ಕೇಳಿಸೂದು ಬಿಟ್ಟು ಭಾಳ ವರ್ಷ ಆತು. ನಿಮ್ಮವ್ವಗೂ ಹೇಳಿಲ್ಲ."

ನನ್ನನ್ನು ಓದಿಸಲೆಂದು ಕಾರ್ಖಾನೆಯ ಗದ್ದಲದ ನಡುವೆ ವರ್ಷಗಟ್ಟಲೆ ನಿಂತ ಕಿವಿಗಳು ಅವು. "ಮತ್ತ ಕೆಲಸ ಹೆಂಗ ಮಾಡ್ತಿ?" ಎಂದೆ.

"ಕೈಲೆ." ಎದ್ದು ಹೋಗಿ ತಿರುಗುತ್ತಿದ್ದ ಮೋಟರಿನ ಹೊರಮೈಗೆ ಬೆರಳಿಟ್ಟರು. "ಒಳಗಿಂದೊಳಗ ನಡಗಾಕ ಹತ್ತೇದ ನೋಡು. ಸಪ್ಪಳ ಆಮ್ಯಾಲ ಬರ್ತದ."

"ಕಾಕಾ, ಪರತ್ ದಾಖವಾ" ಎಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮೇಡಂ ಮರಾಠಿಯಲ್ಲಿ ಇನ್ನೊಮ್ಮೆ ತೋರಿಸಲು ಕೇಳಿ, ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ನನ್ನ ವಿಷಯ ಉಳಿಯಿತು. ಮೈಕಿನ ಜೊತೆಗೆ ನಡುಕ ಅಳೆಯುವ ಸೆನ್ಸರೂ ಸೇರಿತು. ಪ್ರೋಗ್ರಾಂ ಮೆಲ್ಲಮೆಲ್ಲಗೆ ದಾರಿಗೆ ಬಂತು.

ವಿದೇಶ, ದೊಡ್ಡ ಕಂಪನಿ ಎಂಬ ಕನಸು ನನಗೂ ಇತ್ತು, ಸುಳ್ಳೇಕೆ? ಈಗಿನ ಆಸೆಯೆಂದರೆ, ಈ ಉಪಕರಣ ಸಣ್ಣಪುಟ್ಟ ಕಾರ್ಖಾನೆಗಳಿಗೂ ಮುಟ್ಟಬೇಕು. ಯಂತ್ರದ ರೋಗ ತಿಳಿಯಲು ಯಾರೂ ಕಿವಿ ಕಳೆದುಕೊಳ್ಳಬಾರದು.

ಮಧ್ಯಾಹ್ನ ಯೆರವಡಾದ ಕಿವಿ ಆಸ್ಪತ್ರೆಗೆ ಹೋಗಿ ಅಪ್ಪನಿಗೆ ಶ್ರವಣಯಂತ್ರ ಹಾಕಿಸಿದೆ. ತಿಂಗಳುಗಟ್ಟಲೆ ಒಲ್ಲೆ ಎಂದವರು ಇವತ್ತು ಒಪ್ಪಿದ್ದರು. ಹೊರಗೆ ಬಂದು ರಿಕ್ಷಾ ಹತ್ತುವಾಗ, "ಅಪ್ಪಾ, ನನ್ನ ಥೀಸಿಸ್‌ದಾಗ ನಿನ್ನ ಹೆಸರು ಹಾಕೀನಿ!" ಎಂದು ರೂಢಿಯಂತೆ ಕೂಗಿದೆ.

"ಒದರಬ್ಯಾಡವ್ವಾ, ಕೇಳಸ್ತದ" ಎಂದರು ಅಪ್ಪ.

ದನಿ ತಗ್ಗಿಸಿ, ಅದನ್ನೇ ಇನ್ನೊಮ್ಮೆ ಹೇಳಿದೆ.