ತುಂಬಿದ ಸಂಚಿ

ನನಗ ಆವಾಗ ಐವತ್ತೆಂಟು. ಇದು ಆಗಿ ಆರು ವರ್ಷಾತು. ಕೊಟ್ಟೂರಾಗ ನಮ್ಮ ಮನಿಗೂ ನನ್ನ ಮೈದುನನ ಮನಿಗೂ ನಡುವ ಒಂದೇ ಗ್ವಾಡಿ. ಆಕಡಿ ಒಗ್ಗರಣಿ ಹಾಕಿದ್ರ ಈಕಡಿ ಸೀನು ಬರ್ತಿತ್ತು. ಅಣ್ಣ ತಮ್ಮ ಇಬ್ಬರೂ ಒಂದೇ ಅಡತಿ ಅಂಗಡಿಯಾಗ ಹಮಾಲಿ. ಹೊರೋ ಚೀಲ ಅವೇ, ವಾರದ ಬಟವಾಡಿ ಅಷ್ಟೇ, ರೊಕ್ಕ ಕೈಗೆ ಬರೋ ಸಂಜೀನೂ ಒಂದೇ. ಹಂಗಿದ್ರೂ ಆಕಡಿ ಮನ್ಯಾಗ ವಾರಪೂರ್ತಿ ನಗು, ನಮ್ಮ ಮನ್ಯಾಗ ವಾರಪೂರ್ತಿ ಲೆಕ್ಕ. ಅದು ನನಗ ತಡಕೊಳ್ಳಾಕ ಆಗ್ತಿರಲಿಲ್ಲ.

ನಂದು ಡಬ್ಬಿ ಲೆಕ್ಕ. ಬರಿಯೋದು ನನಗ ಈಗಲೂ ಕಷ್ಟ, ಹಂಗಾಗಿ ಡಬ್ಬಿ ಮ್ಯಾಲೆ ಹೆಸರು ಇರಲಿಲ್ಲ. ಜ್ವಾಳದ ರೊಕ್ಕದ ಡಬ್ಬಿಯಾಗ ಒಂದೀಟು ಜ್ವಾಳದ ಕಾಳು ಹಾಕಿದ್ದೆ. ಕಿರಾಣಿ ಡಬ್ಬಿಯಾಗ ಮೊದ್ಲು ಹಳ್ಳುಪ್ಪು ಹಾಕಿದ್ದೆ, ಅದು ನೀರು ಬಿಟ್ಟು ನೋಟು ತೊಯ್ದಿದ್ದಕ್ಕ ಆಮ್ಯಾಲೆ ಒಣಮೆಣಸಿನಕಾಯಿ. ಕರೆಂಟಿನ ಡಬ್ಬಿಯಾಗ ತುಂಡು ವೈರು. ನಾಕನೇದರಾಗ ಉತ್ತತ್ತಿ ಬೀಜ. ಅದು ಮಗಳ ಬಾಣಂತನದ ಡಬ್ಬಿ. ಆಕಿನ್ನ ಹಿರೇಹಡಗಲಿಗೆ ಕೊಟ್ಟಿದ್ವಿ, ಮೊದಲನೇ ಬಾಣಂತನ ತವರಿಂದು.

ಒಂದು ಡಬ್ಬಿ ರೊಕ್ಕ ಇನ್ನೊಂದಕ್ಕ ಮುಟ್ಟಂಗಿಲ್ಲ. ಕಿರಾಣಿ ಡಬ್ಬಿ ಬರಿದಾದ್ರ ಒಗ್ಗರಣಿ ಇಲ್ಲದ ಸಾರು ಉಂಡು ಸುಮ್ನ ಮಲಗಬೇಕು. ಗಂಡನ ಚಹಾ-ಬೀಡಿ ಖರ್ಚಿಗೆ ಮಾತ್ರ ಡಬ್ಬಿ ಇರಲಿಲ್ಲ. ಅದನ್ನ ಆತ ಮೊದಲೇ ಹಿಡಕೊಂಡು ಉಳದಿದ್ದು ನನ್ನ ಕೈಗೆ ಕೊಡ್ತಿದ್ದ. ದುಡಿಯೋ ಗಂಡಸು, ಕೇಳಬಾರದು ಅಂತ ನಾನೂ ಸುಮ್ನಿದ್ದೆ.

ಮೈದುನನ ಹೆಂಡ್ತಿ, ನನ್ನ ನೆಗೆಣ್ಣಿ, ಹರಪನಹಳ್ಳಿ ಕಡಿಯಾಕಿ. ಆಕಿಗೆ ಡಬ್ಬಿ ಇಲ್ಲ, ಗಿಬ್ಬಿ ಇಲ್ಲ. ನಡಕ್ಕ ಸಿಗಿಸಿದ ಎಲಿ-ಅಡಿಕಿ ಸಂಚಿ ಒಂದೇ. ಅದರಾಗೇ ಸುಣ್ಣ, ಅದರಾಗೇ ಅಡಿಕಿ, ಅದರಾಗೇ ವಾರದ ರೊಕ್ಕ. ಸಂತಿಗೆ ಹೋದ್ರ ಮೊದ್ಲು ಮಂಡಕ್ಕಿ ಮಿರ್ಚಿ, ಆಮ್ಯಾಲೆ ಕಾಯಿಪಲ್ಲೆ. ನಾನು ಬದನಿಕಾಯಿ ರೇಟು ಕೇಳಿಕೋತ ಸಂತಿಯೆಲ್ಲಾ ತಿರಗೋದ್ರಾಗ ಆಕಿ ತಿಂದು ಕೈ ಒರಸಿಕೊಂಡಿರ್ತಿದ್ಲು.

ವಾರದ ಕೊನಿಗೆ ನಾನು ಬೇಕಂತಲೇ ಕೇಳ್ತಿದ್ದೆ. "ಏನವಾ ತಂಗೀ, ಸಂಚಿಯಾಗ ಏನರ ಉಳದೈತೋ?"

"ತುಂಬೈತಕ್ಕಾ!" ಅಂತ ನಗ್ತಿದ್ಲು.

ತುಂಬೈತಂತ! ನನ್ನ ಹೊಟ್ಟಿಯಾಗ ಒಣಮೆಣಸಿನಕಾಯಿ ಸುಟ್ಟಂಗ ಆಗ್ತಿತ್ತು. ಎಲ್ಲಿಂದ ತುಂಬ್ತೈತಿ? ತವರಾಗಿಂದ ಕಳಿಸ್ತಾರೋ? ಮೈದುನ ನಮ್ಮಾತಗಿಂತ ಹೆಚ್ಚು ಚೀಲ ಹೊರ್ತಾನೋ? ಆಕಡಿಂದ ಶೇಂಗಾ ಹುರಿಯೋ ವಾಸನಿ ಬಂದ್ರ ನನಗ ತುತ್ತು ಇಳೀತಿರಲಿಲ್ಲ.

ಗಂಡ ಬ್ಯಾರೆ ಕಡ್ಡಿ ಆಡಿಸ್ತಿದ್ದ. "ಆಕಿ ಸಂಚಿ ನೋಡಲೇ, ಯಾವಾಗ ಕೇಳಿದ್ರೂ ತುಂಬಿರ್ತೈತಿ. ನಿನ್ನ ಡಬ್ಬಿ ಅಲುಗಿಸಿದ್ರ ಬರೇ ಗೆಜ್ಜಿ ಸಪ್ಪಳ."

"ಹಂಗಾರ ಆಕಡೀಗೇ ಹೋಗಿ ಉಣ್ಣು."

"ಕರದ್ರ ಹೋಗ್ತೀನಿ ಬಿಡು," ಅಂದ.

ಅಷ್ಟರಾಗ ಮಗಳು ಡಾಕ್ಟ್ರು ಹೇಳಿದ ದಿನಕ್ಕಿಂತ ಮೊದಲೇ ಹೆತ್ತಳು. ಕೂಸು ಬಾಣಂತಿನ್ನ ದವಾಖಾನಿಂದ ಮನಿಗೆ ಕರಕೊಂಡು ಬಂದಾಗ ಬಾಣಂತನದ ಡಬ್ಬಿ ಅರ್ಧಾನೂ ಆಗಿರಲಿಲ್ಲ. ಐದನೇ ದಿನಕ್ಕ ಬೀಗಿತ್ತಿ ಕೂಸು ನೋಡಾಕ ಬರಾಕಿ. ಆಕಿ ಬಂದು ನೋಡಿದಾಗ ಅಂಟಿನುಂಡಿ ಇಲ್ಲ, ಬಾಣಂತಿಗೆ ಬರೇ ಅನ್ನ ಸಾರು ಹಾಕ್ಯಾರ ಅಂದ್ರ, ಮಗಳು ಜಲ್ಮೆಲ್ಲ ಆ ಮಾತು ಕೇಳಬೇಕು. ಕಿರಾಣಿ ಅಂಗಡಿಯಾಗ ಅಂಟು, ಕೊಬ್ರಿ, ತುಪ್ಪದ ರೇಟು ಕೇಳಿ ಬರಿಗೈಲೆ ವಾಪಸ್ ಬಂದೆ.

"ಗ್ವಾಡಿ ಆಕಡಿ ತುಂಬಿದ ಸಂಚಿ ಐತಲ್ಲ, ಹೋಗಿ ಕೇಳು," ಅಂದ ಗಂಡ.

ಆಕಿ ಮುಂದ ಕೈ ಒಡ್ಡೋದಕ್ಕಿಂತ ಬಾವಿ ಬೀಳೋದು ವಾಸಿ ಅನಿಸ್ತು. ಆದ್ರೂ ಹೋದೆ. ಕಟ್ಟಿ ಮ್ಯಾಲೆ ಕುಂತು ಅಡಿಕಿ ಕತ್ತರಸ್ತಿದ್ಲು.

"ತಂಗೀ, ಬಾಣಂತನಕ್ಕ ರೊಕ್ಕ ಕಡಿಮಿ ಬಿದ್ದಾವ. ಬಟವಾಡಿ ದಿನ ತಿರುಗಿ ಕೊಡ್ತೀನಿ."

ಆಕಿ ಮಾರಿ ಸಣ್ಣದಾತು. "ಅಕ್ಕಾ, ಸಂಚಿ ತುಂಬೈತಲ್ಲ," ಅಂದ್ಲು.

"ಗೊತ್ತೈತಿ. ಅದಕ್ಕ ಬಂದೀನಿ."

"ಅಲ್ಲಕ್ಕಾ, ಮೊನ್ನೇನೇ ತುಂಬ್ತು."

"ತುಂಬಿದ್ರ ಬಿಚ್ಚು ಮತ್ತ! ಮಿರ್ಚಿ ತಿನ್ನಾಕ ಇರ್ತಾವು, ಬಾಣಂತಿಗೆ ಕೊಡಾಕ ಇರಂಗಿಲ್ಲೇನು?"

ಆಕಿ ಕಣ್ಣು ಕಣ್ಣು ಬಿಟ್ಟು ನನ್ನ ನೋಡಿದ್ಲು. ಆಮ್ಯಾಲೆ ಸಂಚಿ ಬಿಚ್ಚಿ, ಒಳಗಿಂದು ಹೊರಗ ಮಾಡಿ ಝಾಡಿಸಿದ್ಲು. ಸುಣ್ಣದ ಡಬ್ಬಿ ಬಿತ್ತು, ಅಡಿಕಿ ಚೂರು ಬಿದ್ವು. ಒಂದು ಬಿಡಿಕಾಸಿಲ್ಲ.

"ಇದಕ್ಕ ತುಂಬೈತಿ ಅಂತಾರೇನು?"

"ಮತ್ತೇನನ್ಲಿ? ಇಲ್ಲ ಅನಬಾರದು ಅಂತ ನಮ್ಮವ್ವ ಹೇಳ್ಯಾಳ. ಅಕ್ಕಿ ಮುಗದ್ರ ನೀನು ಅಕ್ಕಿ ತುಂಬ್ಯಾವು ಅನ್ನಂಗಿಲ್ಲೇನಕ್ಕಾ?"

ಅಂತೀನಿ. ಅಕ್ಕಿಗೆ ಅಂತೀನಿ, ಉಪ್ಪಿಗೆ ಅಂತೀನಿ, ಕುಂಕುಮಕ್ಕ ಅಂತೀನಿ. ಮುಗೀತು ಅಂದ್ರ ಮನಿಗೆ ಒಳ್ಳೇದಲ್ಲ ಅಂತ ಎಲ್ಲ ಹೆಣ್ಮಕ್ಕಳೂ ಅಂತಾರ. ರೊಕ್ಕಕ್ಕ ಹಂಗ ಅನ್ನೋದನ್ನ ನಾನು ಎಲ್ಲೂ ಕೇಳಿರಲಿಲ್ಲ. ವಾರವಾರ ಆಕಿ ಬರಿದಾತು ಅಂತ ಹೇಳ್ಯಾಳ, ನಾನು ತುಂಬೈತಿ ಅಂತ ತಿಳಕೊಂಡು ಉರದೀನಿ.

"ಹಂಗಾರ ವಾರದ ಕೊನಿಗೆ ಏನು ಉಣ್ತೀರವಾ?"

"ರೊಟ್ಟಿ, ಖಾರಪುಡಿ. ಎರಡು ದಿನ ಖಾರ ಹಚ್ಚಿಕೊಂಡು ಉಂಡ್ರ ಯಾರೂ ಸಾಯಂಗಿಲ್ಲ ಬಿಡಕ್ಕಾ," ಅಂದು ಮತ್ತ ನಕ್ಕಳು.

ಅಲ್ಲಿಗೆ ನನ್ನ ಹೊಟ್ಟಿಕಿಚ್ಚು ಆರಬೇಕಿತ್ತು ಅನ್ನೋರು ಅದಾರ. ಆರಲಿಲ್ಲ, ಇನ್ನಷ್ಟು ಹತ್ತಿಕೊಳ್ತು. ತುಂಬಿದ ಸಂಚಿ ಇಟಗೊಂಡು ಯಾರು ಬೇಕಾದ್ರೂ ನಗ್ತಾರ. ಬರಿದು ಸಂಚಿ ಸಿಗಿಸಿಕೊಂಡು ನಗ್ತಾಳಲ್ಲ, ಅದು ನನಗ ಇವತ್ತಿಗೂ ಬರವಲ್ದು. ನಾಕು ಡಬ್ಬಿ ಇದ್ದಾಕಿ ನಾನು, ಮಾರಿ ಗಂಟು ಹಾಕಿಕೊಂಡೇ ಮುದುಕಿ ಆದೆ.

ಮನಿಗೆ ಬಂದೆ. ಗಂಡನ ಅಂಗಿ ಗೂಟಕ್ಕ ತೂಗ್ತಿತ್ತು, ಜೇಬು ಉಬ್ಬಿತ್ತು. ಇಷ್ಟು ವರ್ಷ ಒಗ್ಗರಣಿ ಬಿಟ್ಟೆ, ಚಹಾದಾಗ ಹಾಲು ಬಿಟ್ಟೆ, ಆ ಜೇಬಿನ ಕಡಿ ಮಾತ್ರ ನೋಡೇ ಇರಲಿಲ್ಲ.

ಮಾರನೇ ದಿನ ಮುಂಜಾನಿ ಆತ ಮಾರಿ ತೊಳಿಯೋ ಹೊತ್ತಿನಾಗ ಆತನ ಕಣ್ಣ ಮುಂದನೇ ಜೇಬಿಗೆ ಕೈ ಹಾಕಿದೆ.

"ಏ, ಏ! ಚಹಾಕ್ಕ ಏನು ಮಾಡ್ಲಿ?"

"ಮನ್ಯಾಗ ಕುಡಿ."

"ಬೀಡಿಗೆ?"

"ಮೊಮ್ಮಗಳು ಬಂದಾಳ ಮನಿಗೆ, ಹೊಗಿ ಬ್ಯಾಡ," ಅಂದೆ.

ಕಿರಾಣಿ ಅಂಗಡಿ ಬಾಗಲ ತೆಗದ ಕೂಡ್ಲೆ ಹೋಗಿ ಅಂಟು, ಉತ್ತತ್ತಿ, ಕೊಬ್ರಿ, ಬೆಲ್ಲ ತಂದೆ. ತುಪ್ಪ ಬೇಕಾದಷ್ಟು ಬರಲಿಲ್ಲ, ಬಂದಷ್ಟು ತಂದೆ. ಆಮ್ಯಾಲೆ ನೆಲದಾಗ ಹುಗದ ಒಳಕಲ್ಲು ಬಿಟ್ಟು, ಕುಟ್ಟೋ ಕಲ್ಲನ್ನ ನಡುವಿನ ಗ್ವಾಡಿಗೆ ಹೊಂದಿಸಿ ಇಟಗೊಂಡು, ನೆಗೆಣ್ಣಿಗೂ ಕೇಳಲಿ ಅಂತ ಜೋರು ಜೋರಾಗಿ ಉತ್ತತ್ತಿ ಕುಟ್ಟಿದೆ.