ಚಹರೆ ಪಟ್ಟಿಯ ಕೊನೆಯ ಸಾಲು

ನಾನು ಕಾಣೆಯಾಗಿದ್ದೇನೆ ಎಂಬುದು ನನಗೆ ಗೊತ್ತಾದದ್ದು ಕುಣಿಗಲ್ಲಿನ ಒಂದು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ. ಬೆಳಗಿನ ಉಪ್ಪಿಟ್ಟು ಮುಗಿದಿತ್ತು. ಅಡುಗೆಯವಳ ಜೊತೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ನರ್ಸಿಂಗ್ ಓದುವ ಹುಡುಗಿಯೊಬ್ಬಳು ಬಂದು ಮೊಬೈಲನ್ನು ನನ್ನ ಮುಂದೆ ಹಿಡಿದಳು.

"ಆಂಟಿ, ಇದು ನೀವಲ್ವಾ?"

ನಾನೇ. ಅತ್ತಿಗೆಯ ತಂಗಿಯ ಮದುವೆಯಲ್ಲಿ ತೆಗೆದ ಫೋಟೋ. ಪಕ್ಕದಲ್ಲಿದ್ದ ಅತ್ತಿಗೆಯನ್ನು ಕತ್ತರಿಸಿದ್ದರು, ಅವರ ಭುಜ ಮಾತ್ರ ಉಳಿದಿತ್ತು. ಕೆಳಗೆ ಪೊಲೀಸರ ಪ್ರಕಟಣೆ. ವಯಸ್ಸು ನಲವತ್ತೊಂದು, ದುಂಡು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ಹೋಗುವಾಗ ಹಸಿರು ಸೀರೆ ಉಟ್ಟಿದ್ದರು, ಕನ್ನಡ ಮಾತನಾಡುತ್ತಾರೆ. ನನ್ನನ್ನು ಯಾರೂ ಅಷ್ಟು ಗಮನವಿಟ್ಟು ವರ್ಣಿಸಿರಲಿಲ್ಲ ಎಂದುಕೊಳ್ಳುವಷ್ಟರಲ್ಲಿ ಕೊನೆಯ ಸಾಲು ಕಣ್ಣಿಗೆ ಬಿತ್ತು. ಮಾನಸಿಕ ಅಸ್ವಸ್ಥರಾಗಿದ್ದು, ಚಿಕಿತ್ಸೆ ಪಡೆಯುತ್ತಿದ್ದಾರೆ.

ನಾನು ಜನ್ಮದಲ್ಲಿ ಅಂಥ ಯಾವ ಚಿಕಿತ್ಸೆಯನ್ನೂ ಪಡೆದವಳಲ್ಲ. ತಲೆನೋವಿಗೆ ಮಾತ್ರೆ ನುಂಗಿದ್ದೂ ಕಡಿಮೆ.

ಹಾಸ್ಟೆಲ್ಲಿಗೆ ಬರುವ ಮೊದಲು ನಾನು ಗುಬ್ಬಿಯಲ್ಲಿ ಅಣ್ಣನ ಮನೆಯಲ್ಲಿದ್ದೆ. ಅಣ್ಣನಿಗೆ ತಾಲ್ಲೂಕು ಕಚೇರಿಯ ಹತ್ತಿರ ಜೆರಾಕ್ಸ್ ಅಂಗಡಿ. ಅತ್ತಿಗೆ ಹೆಬ್ಬೂರಿನ ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು ತುಮಕೂರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯಬೇಕು. ಅಪ್ಪ ಅಮ್ಮ ಹೋದ ಮೇಲೆ, ನಿಶ್ಚಯವಾಗಿದ್ದ ನನ್ನ ಮದುವೆ ಸಂಬಂಧವೊಂದು ಮುರಿದ ಮೇಲೆ, ನಾನು ಆ ಮನೆಯಲ್ಲಿ ಉಳಿದೆ. ಹತ್ತೊಂಬತ್ತು ವರ್ಷ. ಅವರ ಮಗಳನ್ನು ಎತ್ತಿ ಆಡಿಸಿದೆ, ಕೈ ಹಿಡಿದು ಬರೆಸಿದೆ, ಮದುವೆ ಮಾಡಿ ಕಳಿಸುವಾಗ ತಾಯಿಯ ಪಕ್ಕದಲ್ಲೇ ನಿಂತು ಕಣ್ಣೀರು ಹಾಕಿದೆ. ಯಾರೂ ನನಗೆ ಒಂದು ಕೆಟ್ಟ ಮಾತು ಆಡಿದವರಲ್ಲ. ಇದನ್ನು ಹೇಳಲೇಬೇಕು, ಯಾಕೆಂದರೆ ಪೊಲೀಸರು ಮತ್ತೆ ಮತ್ತೆ ಕೇಳಿದ್ದು ಅದನ್ನೇ: ಹೊಡೆಯುತ್ತಿದ್ದರಾ, ಬೈಯುತ್ತಿದ್ದರಾ, ಊಟ ಹಾಕುತ್ತಿರಲಿಲ್ಲವಾ. ಎಲ್ಲದಕ್ಕೂ ಇಲ್ಲ ಎನ್ನಬೇಕಾಗಿತ್ತು.

ಇದ್ದದ್ದು ಇಷ್ಟೇ. ಮನೆಯಲ್ಲಿ ಯಾರಾದರೂ ಇರಬೇಕಿತ್ತು. ಆ ಯಾರಾದರೂ ಯಾವಾಗಲೂ ನಾನೇ ಆಗಿದ್ದೆ. ಗ್ಯಾಸಿನವನು ಬರುತ್ತಾನೆ, ನೀರು ಬಿಡುತ್ತಾರೆ, ಕೊರಿಯರ್ ಬರುತ್ತದೆ. ಕೆಲಸಕ್ಕೆ ಹೋಗುತ್ತೇನೆ ಎಂದು ಮೂರು ಸಲ ಕೇಳಿದ್ದೆ. ತಂಗಿಯನ್ನು ದುಡಿಯಲು ಬಿಟ್ಟು ತಿನ್ನುತ್ತಾನೆ ಎಂದು ಜನ ಆಡಿಕೊಳ್ಳುತ್ತಾರೆ ಎಂಬುದು ಅಣ್ಣನ ಉತ್ತರ. ನಿನಗೇನು ಕಡಿಮೆಯಾಗಿದೆ ಎಂಬುದು ಅತ್ತಿಗೆಯದು. ಮಗಳು ಗಂಡನ ಮನೆಗೆ ಹೋದ ಮೇಲೆ ಹಗಲಿನಲ್ಲಿ ಆ ಮನೆಯಲ್ಲಿ ನನ್ನ ಉಸಿರು ನನಗೇ ಕೇಳುತ್ತಿತ್ತು. ಕುಣಿಗಲ್ಲಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ವಾರ್ಡನ್ ಬೇಕಾಗಿದ್ದಾರೆ, ಇರಲು ಜಾಗ ಕೊಡುತ್ತೇವೆ ಎಂಬ ಜಾಹೀರಾತಿನ ಹಾಳೆಯನ್ನು ಪೇಪರಿನವನೇ ಒಳಗಿಟ್ಟು ಹಾಕಿದ್ದ. ಪಕ್ಕದ ಮನೆಯವರ ಫೋನಿನಿಂದ ಮಾತಾಡಿದೆ. ಒಂದು ಮಂಗಳವಾರ, ಇಬ್ಬರೂ ಹೊರಟ ಮೇಲೆ, ಚೀಟಿ ಬರೆದಿಟ್ಟೆ: ಕೆಲಸಕ್ಕೆ ಹೋಗುತ್ತಿದ್ದೇನೆ, ಚೆನ್ನಾಗಿರುತ್ತೇನೆ, ಹುಡುಕಬೇಡಿ. ನನ್ನ ಮೊಬೈಲು ಅಣ್ಣನ ಹೆಸರಿನಲ್ಲಿತ್ತು; ಅದನ್ನು ಚೀಟಿಯ ಮೇಲೆ ಇಟ್ಟು ಹೊರಟೆ. ಒಂದು ತಿಂಗಳು ಕಳೆದು ಕೆಲಸ ಗಟ್ಟಿಯಾದ ಮೇಲೆ ಫೋನ್ ಮಾಡಬೇಕೆಂದಿದ್ದೆ. ಮೊದಲೇ ಮಾಡಿದರೆ ಅಣ್ಣ ಬಂದು ಕರೆದುಕೊಂಡು ಹೋಗುತ್ತಾನೆ, ನಾನೂ ಹೋಗಿಬಿಡುತ್ತೇನೆ ಎಂಬುದು ನನಗೆ ಗೊತ್ತಿತ್ತು.

ಹುಡುಗಿ ಫೋಟೋ ತೋರಿಸಿದ್ದು ನಾನು ಹೋದ ಹನ್ನೊಂದನೇ ದಿನ, ಶುಕ್ರವಾರ. ಮಧ್ಯಾಹ್ನದ ಹೊತ್ತಿಗೆ ಅದು ಹಾಸ್ಟೆಲ್ಲಿನ ಎಲ್ಲರ ಮೊಬೈಲಿನಲ್ಲಿತ್ತು. ಮಾಲೀಕರಾದ ಮೇಡಂ ಬಂದು ನನ್ನನ್ನು ಆಫೀಸಿನಲ್ಲಿ ಕೂರಿಸಿದರು. ನಾನು ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡರು. ಆದರೆ ಕೀ ಗೊಂಚಲನ್ನು ಮೇಜಿನ ಮೇಲಿಂದ ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು. ನಲವತ್ತು ಹೆಣ್ಣುಮಕ್ಕಳ ಜವಾಬ್ದಾರಿ ತನ್ನ ಮೇಲಿದೆ, ತಿಳಿಸದೆ ಇರಲು ಆಗುವುದಿಲ್ಲ ಎಂದರು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆನೇನೋ.

ಮರುದಿನ ಬೆಳಿಗ್ಗೆ ಒಬ್ಬರು ಮಹಿಳಾ ಹೆಡ್ ಕಾನ್‌ಸ್ಟೇಬಲ್ ಬಂದರು, ಯೂನಿಫಾರ್ಮ್ ಇಲ್ಲದೆ, ಚೂಡಿದಾರದಲ್ಲಿ. ವಯಸ್ಸು ಐವತ್ತರ ಹತ್ತಿರ. ಅವರು ನನ್ನ ಜೊತೆ ಮಗುವಿನ ಜೊತೆ ಮಾತಾಡುವಂತೆ ಮಾತಾಡಿದರು. ಊಟ ಮಾಡಿದೆಯಾ, ಭಯ ಪಡಬೇಡ, ಇಂಜೆಕ್ಷನ್ ಏನೂ ಕೊಡಲ್ಲ. ನನಗೆ ಏನೂ ಆಗಿಲ್ಲ ಮೇಡಂ ಎಂದೆ. ಸರಿ ಬಾಮ್ಮ ಎಂದು ಬೆನ್ನು ಸವರಿದರು. ಇನ್ನು ನಾನು ಏನು ಹೇಳಿದರೂ ಅಷ್ಟೇ ಎಂದು ಆಗ ತಿಳಿಯಿತು. ಏನೂ ಆಗಿಲ್ಲ ಎಂದರೆ ಆಗಿದೆ ಎಂದೇ ಅರ್ಥ. ಜೋರಾಗಿ ಹೇಳಿದರೆ ಕೆರಳಿದ್ದಾಳೆ, ಅತ್ತರೆ ಕುಗ್ಗಿದ್ದಾಳೆ, ಸುಮ್ಮನಿದ್ದರೆ ಮಂಕಾಗಿದ್ದಾಳೆ. ಕುಣಿಗಲ್ಲಿನಿಂದ ಗುಬ್ಬಿಯವರೆಗೆ ಜೀಪಿನ ಹಿಂದಿನ ಸೀಟಿನಲ್ಲಿ, ಮುಖವನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದೊಂದೇ ನನ್ನ ಚಿಂತೆ. ಹೆಬ್ಬೂರಿನಲ್ಲಿ ಅತ್ತಿಗೆಯ ಶಾಲೆಯ ಕಾಂಪೌಂಡ್ ಹಾದುಹೋಯಿತು. ಮಕ್ಕಳು ಸಾಲಾಗಿ ನಿಂತಿದ್ದರು. ತಿರುಗಿ ನೋಡಬೇಕೆನಿಸಿದರೂ ನೋಡಲಿಲ್ಲ.

ಠಾಣೆಯಲ್ಲಿ ಅಣ್ಣ ಬೆಂಚಿನ ಮೇಲೆ ಕೂತಿದ್ದ. ಗಡ್ಡ ಬಂದಿತ್ತು. ನನ್ನನ್ನು ಕಂಡವನೇ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ನಾನು ಅಳಲಿಲ್ಲ. ಅಳಬಾರದೆಂದು ದಾರಿಯುದ್ದಕ್ಕೂ ನಿರ್ಧರಿಸಿಕೊಂಡು ಬಂದಿದ್ದೆ. ಅಣ್ಣನ ಕೈಯಲ್ಲಿ ಕೈ ಇಟ್ಟು ಕಲ್ಲಿನ ಹಾಗೆ ನಿಂತದ್ದು ನನಗೆ ಇವತ್ತಿಗೂ ಚುಚ್ಚುತ್ತದೆ.

ಸಬ್ ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನವರು, ಮರ್ಯಾದೆಯಿಂದಲೇ ಮಾತಾಡಿದರು. ನನ್ನ ಮಾತನ್ನೆಲ್ಲ ಕೇಳಿ, ಅಣ್ಣ ಕೊಟ್ಟಿದ್ದ ದೂರನ್ನು ಇನ್ನೊಮ್ಮೆ ಓದಿಕೊಂಡರು.

"ನೋಡಿಮ್ಮ, ನೀವು ಮೇಜರು. ಇಷ್ಟಪಟ್ಟು ಹೋದೆ ಅಂತ ಹೇಳಿಕೆ ಕೊಟ್ರೆ, ಬರ್ಕೊಂಡು ಕಳಿಸ್ಬಿಡ್ತಿದ್ದೆ. ನಿಮ್ಮಣ್ಣನ್ನ ಕೇಳೋ ಅಗತ್ಯನೂ ಇರ್ಲಿಲ್ಲ. ಆದ್ರೆ ಇಲ್ಲಿ ಹುಷಾರಿಲ್ಲ ಅಂತ ಬರ್ದಿದೆ. ನಾಳೆ ನಿಮ್ಗೇನಾದ್ರೂ ಆದ್ರೆ ನಾನು ಉತ್ತರ ಕೊಡ್ಬೇಕು."

ಡಾಕ್ಟರ ಸರ್ಟಿಫಿಕೇಟ್ ಬೇಕೆಂದರು. ಅವತ್ತು ಶನಿವಾರ, ಮಧ್ಯಾಹ್ನ ದಾಟಿತ್ತು. ತುಮಕೂರಿನ ಜಿಲ್ಲಾಸ್ಪತ್ರೆಯಲ್ಲಿ ಮಾನಸಿಕ ವೈದ್ಯರು ಸಿಗುವುದು ಸೋಮವಾರ. ಅಲ್ಲಿಯವರೆಗೆ ಅಣ್ಣನ ಜೊತೆ ಹೋಗಬೇಕು, ಇಲ್ಲದಿದ್ದರೆ ತುಮಕೂರಿನಲ್ಲಿ ಹೆಂಗಸರ ಆಶ್ರಯ ಕೇಂದ್ರವೊಂದಿದೆ, ಅಲ್ಲಿ ಇರಬೇಕು. ಕುಣಿಗಲ್ಲಿಗೆ ಕಳಿಸಲು ಬರುವುದಿಲ್ಲ.

ಅಣ್ಣ ಆಗಲೇ ನನ್ನ ಬ್ಯಾಗನ್ನು ಎತ್ತಿಕೊಂಡಿದ್ದ. ನಾನು ಅವನ ಮುಖ ನೋಡದೆ, ಕೇಂದ್ರಕ್ಕೆ ಹೋಗುತ್ತೇನೆ ಎಂದೆ. ಬ್ಯಾಗು ಅವನ ಕೈಯಲ್ಲೇ ಉಳಿಯಿತು. ಹೆಡ್ ಕಾನ್‌ಸ್ಟೇಬಲ್ ಮೇಡಂ ಅದನ್ನು ತೆಗೆದುಕೊಳ್ಳಬೇಕಾಯಿತು.

ಆ ಕೇಂದ್ರದ ಗೇಟಿಗೆ ಹೊರಗಿನಿಂದ ಬೀಗ. ಒಳಗೆ ಹದಿನೈದಿಪ್ಪತ್ತು ಹೆಂಗಸರು. ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಒಬ್ಬಾಕೆ, ನನ್ನಷ್ಟೇ ವಯಸ್ಸಿನವಳು, ಎಷ್ಟು ದಿನಕ್ಕೆ ಬಂದಿದ್ದೀಯ ಎಂದು ಕೇಳಿದಳು. ಸೋಮವಾರ ಹೋಗುತ್ತೇನೆ ಎಂದೆ. ತಾನೂ ಒಂದು ಸೋಮವಾರ ಹೋಗಬೇಕಾಗಿತ್ತು, ಸಹಿ ಹಾಕಬೇಕಾದವರು ಬರಲಿಲ್ಲ ಎಂದಳು. ಎರಡು ವರ್ಷವಾಗಿತ್ತಂತೆ. ಹೇಳುತ್ತಲೇ ಇನ್ನೊಂದು ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕಿದಳು. ಭಾನುವಾರವಿಡೀ ನಾನು ಆ ಅಂಗಳದಲ್ಲಿ ಸುತ್ತಿದೆ. ಅಣ್ಣನ ಮನೆಯ ಬಾಗಿಲಿಗೆ ಒಳಗಿನ ಚಿಲಕವಾದರೂ ಇತ್ತು. ಬಾಗಿಲು ತೆಗೆದು ಹೊರಟದ್ದಕ್ಕೆ ಎಂಥ ಜಾಗಕ್ಕೆ ಬಂದೆ ಎನಿಸಿ, ಫೋನ್ ಮಾಡಿಸಿ ಅಣ್ಣನನ್ನು ಕರೆಸಿಬಿಡಲೇ ಎಂದು ಎರಡು ಸಲ ಮೇಲ್ವಿಚಾರಕಿಯ ಕೋಣೆಯವರೆಗೆ ಹೋದೆ, ಎರಡು ಸಲವೂ ಹಿಂದೆ ಬಂದೆ.

ಸೋಮವಾರ ಆಸ್ಪತ್ರೆಯಲ್ಲಿ ದೊಡ್ಡ ಕ್ಯೂ. ಅಣ್ಣ ನಮಗಿಂತ ಮೊದಲೇ ಬಂದು ಚೀಟಿ ಮಾಡಿಸಿದ್ದ. ಹೆಡ್ ಕಾನ್‌ಸ್ಟೇಬಲ್ ಮೇಡಂ ನಮ್ಮಿಬ್ಬರ ನಡುವೆ ಕೂತರು. ಡಾಕ್ಟರು ಮೊದಲು ನನ್ನನ್ನು ಒಬ್ಬಳನ್ನೇ ಕರೆದರು. ಇವತ್ತು ಯಾವ ವಾರ, ನಿದ್ದೆ ಬರುತ್ತದಾ, ಯಾರಾದರೂ ಮಾತಾಡಿದಂತೆ ಕಿವಿಯಲ್ಲಿ ಕೇಳುತ್ತದಾ. ಆಮೇಲೆ ನೂರರಿಂದ ಏಳೇಳು ಕಳೆಯುತ್ತ ಹೋಗಲು ಹೇಳಿದರು. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು. ಅಲ್ಲಿ ನಿಂತೆ. ಅಣ್ಣನ ಮಗಳಿಗೆ ಮಗ್ಗಿ ಕಲಿಸಿದವಳು ನಾನು. ಆದರೆ ಒಂದು ತಪ್ಪಿದರೆ ಆ ಗೇಟಿನೊಳಗೆ ಎರಡು ವರ್ಷ ಎಂಬ ಭಯದಲ್ಲಿ ಮುಂದಿನ ಅಂಕಿ ನಾಲಿಗೆಗೆ ಬರಲೇ ಇಲ್ಲ. ಡಾಕ್ಟರು ನೀರು ಕುಡಿಯಲು ಹೇಳಿ, ಅಣ್ಣನನ್ನು ಒಳಗೆ ಕರೆದರು.

ಎಷ್ಟು ವರ್ಷದಿಂದ ಕಾಯಿಲೆ ಎಂದು ಅವನನ್ನು ಕೇಳಿದರು. ಎಲ್ಲಿ ತೋರಿಸುತ್ತಿದ್ದೀರಿ, ಯಾವ ಮಾತ್ರೆ, ಚೀಟಿ ತಂದಿದ್ದೀರಾ. ಅಣ್ಣ ಅಂಗಿಯ ಜೇಬು ಮುಟ್ಟಿ ನೋಡಿಕೊಂಡ, ಅಲ್ಲೇನೋ ಇರುವ ಹಾಗೆ. ನಾನು ಅವನನ್ನು ನೋಡುತ್ತಿದ್ದೆ. ಅವನು ಒಂದು ಮಾತು ಹೇಳಿದರೆ ಸಾಕಿತ್ತು, ನಾನು ಅವನ ಜೊತೆ ಗುಬ್ಬಿಗೆ ಹೋಗಬೇಕಾಗಿತ್ತು. ಅದು ಅವನಿಗೂ ಗೊತ್ತಿತ್ತು. ಡಾಕ್ಟರು ಪೆನ್ನು ಹಿಡಿದು ಕಾಯುತ್ತಿದ್ದರು.

"ಅವಳಿಗೇನೂ ಇಲ್ಲ ಸಾರ್," ಎಂದ ಅಣ್ಣ. "ಕಾಯಿಲೆ ಅಂತ ನಾನೇ ಬರ್ಸಿದ್ದು."

ಅಣ್ಣ ಡಾಕ್ಟರಿಗೆ ಹೇಳುತ್ತಿದ್ದರೂ ನನ್ನ ಕಡೆಗೆ ತಿರುಗಿದ್ದ. ಮೊದಲ ದಿನ ನಾನು ಬರೆದಿಟ್ಟ ಚೀಟಿಯನ್ನೂ ತೆಗೆದುಕೊಂಡು ಠಾಣೆಗೆ ಹೋಗಿದ್ದನಂತೆ. ಅಲ್ಲಿದ್ದವರು ಚೀಟಿ ಓದಿ, ದೂರು ಕೊಡಿ ತೆಗೆದುಕೊಳ್ಳುತ್ತೇವೆ, ಆದರೆ ಇಷ್ಟಪಟ್ಟು ಹೋದ ದೊಡ್ಡವರನ್ನು ಎಳೆದು ತರಲು ಆಗುವುದಿಲ್ಲ, ಒಂದೆರಡು ದಿನ ನೋಡಿ, ಅವರೇ ಫೋನ್ ಮಾಡುತ್ತಾರೆ ಎಂದರಂತೆ. ಪ್ರೀತಿ ಗೀತಿ ಏನಾದರೂ ಇತ್ತಾ ಎಂದೂ ಕೇಳಿದರಂತೆ. ಇವನು ಬರೆದ ಅರ್ಜಿಯನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದ. ಹೊರಗಿನ ಟೀ ಅಂಗಡಿಯಲ್ಲಿ ಯಾರೋ, ತಲೆ ಸರಿಯಿಲ್ಲ ಅಂತ ಬರೆಸಿ, ಆಗ ಎಲ್ಲ ಕಡೆ ಫೋಟೋ ಕಳಿಸುತ್ತಾರೆ ಎಂದು ಹೇಳಿಕೊಟ್ಟರು. ಎರಡನೇ ದಿನ ಅಣ್ಣ ಹೊಸ ಅರ್ಜಿ ಬರೆದ. ಚೀಟಿಯ ಸುದ್ದಿ ಎತ್ತಲಿಲ್ಲ. ಆಗ ಕೌಂಟರಿನಲ್ಲಿದ್ದವರು ಬೇರೆಯವರು.

"ನೀನು ಎಲ್ಲಾದ್ರೂ ಬಿದ್ದಿದ್ರೆ ಅಂತ ಒಂದೇ ಯೋಚ್ನೆ ಕಣೇ," ಎಂದ. "ಇದು ನಿನ್ಗೇ ಸುತ್ಕೊಳುತ್ತೆ ಅಂತ ಗೊತ್ತಿರ್ಲಿಲ್ಲ."

ಡಾಕ್ಟರು ಬಹಳ ಹೊತ್ತು ಬರೆದರು. ಅರವತ್ತೈದು ಎಂದು ನನಗೆ ಹೊಳೆದದ್ದು ಆಗ. ಹೇಳಲಿಲ್ಲ.

ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಅಣ್ಣನನ್ನು ನಿಲ್ಲಿಸಿ ಬೈದರು. ಸುಳ್ಳು ಬರೆಸಿದ್ದಕ್ಕೆ ನಿಮ್ಮ ಮೇಲೇ ಕೇಸು ಹಾಕಬಹುದು ಎಂದರು, ಹಾಕಲಿಲ್ಲ. ಐವತ್ತು ದಾಟಲಿರುವ ಅಣ್ಣ, ಊರಿಗೆಲ್ಲ ಅರ್ಜಿ ಜೆರಾಕ್ಸ್ ಮಾಡಿಕೊಡುವವನು, ತಲೆ ತಗ್ಗಿಸಿ ನಿಂತಿದ್ದ. ನಾನು ಹೇಳಿಕೆ ಕೊಟ್ಟೆ. ಹೆಡ್ ಕಾನ್‌ಸ್ಟೇಬಲ್ ಮೇಡಂ ಬರೆದುಕೊಂಡು ಓದಿ ಹೇಳಿದರು. ಅದರಲ್ಲಿ 'ಮನೆಯಲ್ಲಿ ಬೇಸರವಾಗಿ ಹೋಗಿರುತ್ತೇನೆ' ಎಂದಿತ್ತು. ಬೇಸರ ಎಂಬುದನ್ನು ತೆಗೆದು 'ಕೆಲಸಕ್ಕಾಗಿ' ಎಂದು ಬರೆಯಿರಿ ಎಂದೆ. ಅವರು ಮುಖವೆತ್ತಿ ನನ್ನನ್ನು ನೋಡಿದರು. ಮೂರು ದಿನದಲ್ಲಿ ಮೊದಲ ಬಾರಿ ಅವರು ನನ್ನನ್ನು ನೀವು ಎಂದರು: "ನೀವು ಹೇಳ್ದಂಗೇ ಬರೀತೀನಿ." ಹೊಸ ಹಾಳೆ ತೆಗೆದುಕೊಂಡರು.

ಹಾಸ್ಟೆಲ್ಲಿನ ಮೇಡಂ ಸರ್ಟಿಫಿಕೇಟಿನ ಒಂದು ಪ್ರತಿ ಇಟ್ಟುಕೊಂಡು ನನ್ನನ್ನು ಮತ್ತೆ ಸೇರಿಸಿಕೊಂಡರು. ಆದರೆ ಮುಖ್ಯ ಬಾಗಿಲಿನ ಕೀ ನನ್ನ ಕೈಗೆ ಬರಲು ನಾಲ್ಕು ತಿಂಗಳು ಹಿಡಿಯಿತು. ಕೇಸು ಮುಗಿದದ್ದನ್ನು ಮೊಬೈಲುಗಳಿಗೆ ಯಾರೂ ಹೇಳುವುದಿಲ್ಲ. ಆ ಫೋಟೋ ಈಗಲೂ ಎಲ್ಲೋ ಓಡಾಡುತ್ತಿರುತ್ತದೆ. ಒಮ್ಮೆ ತುಮಕೂರಿನ ಬಸ್ಸಿನಲ್ಲಿ ಕಂಡಕ್ಟರು ನನ್ನ ಟಿಕೆಟ್ ಹರಿಯುವ ಮೊದಲು ಮೊಬೈಲ್ ತೆಗೆದು ನೋಡಿ, ಜೊತೆಗೆ ಯಾರೂ ಇಲ್ಲವಾ ಎಂದು ಕೇಳಿದರು. ನಾನು ಈಗ ಜನರ ಮುಂದೆ ಒಂಟಿಯಾಗಿ ನಗುವುದಿಲ್ಲ, ಒಬ್ಬಳೇ ಇದ್ದಾಗ ಗೊಣಗುವ ಅಭ್ಯಾಸವನ್ನೂ ಬಿಟ್ಟಿದ್ದೇನೆ.

ಅಣ್ಣ ಫೋನ್ ಮಾಡುತ್ತಾನೆ, ಬಂದಿಲ್ಲ. ಬಂದವರು ಅತ್ತಿಗೆ, ಈ ಬೇಸಿಗೆಯಲ್ಲಿ, ಶಾಲೆ ಮುಗಿಸಿಕೊಂಡು ಹೆಬ್ಬೂರಿನಿಂದ ಎದುರು ದಿಕ್ಕಿನ ಬಸ್ಸು ಹತ್ತಿ. ನಾವಿಬ್ಬರೂ ಕೆರೆ ಏರಿಯ ಮೇಲೆ ಕೂತೆವು. ಮಗಳ ಸುದ್ದಿ, ಮನೆಗೆಲಸಕ್ಕೆ ಇಟ್ಟುಕೊಂಡವಳ ಸುದ್ದಿ ಹೇಳಿದರು. ಆಮೇಲೆ, ನಿಮ್ಮಣ್ಣ ನಿನಗೆ ಹೇಳಬೇಡ ಎಂದಿದ್ದಾರೆ ಎಂದು ಶುರು ಮಾಡಿದರು. ನಾನು ಹೋದ ಆರನೇ ದಿನ ಅಣ್ಣನಿಗೆ ಫೋನ್ ಬಂದಿತ್ತಂತೆ: ತುಮಕೂರಿನ ಶವಾಗಾರದಲ್ಲಿ ಗುರುತು ಸಿಗದ ಹೆಣ್ಣಿನ ಶವವೊಂದಿದೆ, ಹಸಿರು ಸೀರೆ, ಬಂದು ನೋಡಿ. ಅಣ್ಣ ಒಬ್ಬನೇ ಹೋಗಿದ್ದ. ಒಳಗೆ ಹೋಗಲಾರದೆ ಒಂದು ಗಂಟೆ ಮರದ ಕೆಳಗೆ ಕೂತಿದ್ದನ್ನು ಎಷ್ಟೋ ದಿನದ ಮೇಲೆ ಹೇಳಿದನಂತೆ. ಅವತ್ತು ಮನೆಗೆ ಬಂದು, ಅವಳಲ್ಲ ಎಂದಷ್ಟೇ ಹೇಳಿ, ಸ್ನಾನ ಮಾಡಿ, ಎರಡು ದಿನ ಊಟ ಮಾಡಲಿಲ್ಲ.

ಆ ಹೆಂಗಸು ಯಾರೆಂದು ಗೊತ್ತಾಯಿತಾ ಎಂದು ಕೇಳಿದೆ.

"ಇಲ್ವಂತೆ. ಅವ್ರು ಆಮೇಲೂ ಒಂದ್ಸಲ ಹೋಗಿ ಕೇಳ್ಕೊಂಡು ಬಂದ್ರು," ಎಂದರು ಅತ್ತಿಗೆ. "ಅವಳನ್ನ ಹುಡುಕ್ಕೊಂಡು ಯಾರೂ ಬಂದೇ ಇಲ್ವಂತೆ."

ತುಮಕೂರಿನ ಬಸ್ಸಿಗೆ ಹೊತ್ತಾಗಿತ್ತು. ಅತ್ತಿಗೆಯನ್ನು ಸ್ಟ್ಯಾಂಡಿನವರೆಗೆ ಬಿಟ್ಟು, ಸೀಟು ಸಿಕ್ಕಿತೇ ಎಂದು ಕಿಟಕಿಯಲ್ಲಿ ನೋಡಿ, ಹುಡುಗಿಯರ ರಾತ್ರಿಯ ಊಟಕ್ಕೆ ಅಕ್ಕಿ ತೆಗೆದುಕೊಡಬೇಕಿತ್ತೆಂದು ಬೇಗ ಬೇಗ ನಡೆದು ಬಂದೆ.